ನೈಜೀರಿಯಾದ ಹನ್ನೊಂದು, ಚಿಕ್ಕೋಡಿಯ ಹತ್ತು

ಕಾಲೇಜಿನ ಹುಡುಗರು ನನಗೆ ಇಟ್ಟ ಹೆಸರು ಮೈಗ್ರೇಶನ್ ಬಾಯಿ. ಎದುರಿಗೆ ಗೌರವದಿಂದ ಬಾಯಾರ ಅನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಇದು. ನನಗೆ ಗೊತ್ತಿತ್ತು, ಸಿಟ್ಟೇನೂ ಇರಲಿಲ್ಲ. ಖರೆ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ ಇತ್ತು. ಚಿಕ್ಕೋಡಿಯ ಒಂದು ಕಾಲೇಜಿನ ಕಚೇರಿಯಲ್ಲಿ, ಪ್ರವೇಶದ ಟೇಬಲ್ಲಿನ ಹಿಂದೆ ಇಪ್ಪತ್ತೈದು ವರ್ಷ ಕೂತವಳು ನಾನು. ಈಗ ಅದೇ ಕುರ್ಚಿಗೆ ಬಂದಿರುವ ಹುಡುಗಿ ಹೋದ ತಿಂಗಳು ಮನೆಗೆ ಬಂದಿದ್ದಳು. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದಳು: "ಬಾಯಾರ, ಹೊರದೇಶದ ಸರ್ಟಿಫಿಕೇಟ ಬಂದ್ರ ಅದು ನಮ್ಮಲ್ಲಿ ಯಾವುದಕ್ಕ ಸಮ ಅಂತ ಹೆಂಗ ತಿಳಕೊಳ್ಳೂದ್ರಿ? ಕಂಪ್ಯೂಟರನ್ಯಾಗ ಪಟ್ಟಿ ಐತಿ. ಪಟ್ಟಿಯೊಳಗ ಇಲ್ಲದ್ದು ಬಂದ್ರ?" ಆಗ ಏನೋ ಒಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಸಮಾಧಾನವಾಗಲಿಲ್ಲ. ಅವಳಿಗೆ ನಾನು ಹೇಳಬೇಕಾಗಿದ್ದದ್ದು ಇದು.

ನಮ್ಮ ಕಡೆ ಗಡಿ ಅಂದರೆ ಭೂಪಟದ ಮೇಲಿನ ಗೆರೆ ಅಷ್ಟೇ. ನಿಪ್ಪಾಣಿಯ ಹುಡುಗ ಕೊಲ್ಲಾಪುರದ ಅತ್ತೆಯ ಮನೆಯಲ್ಲಿದ್ದು ಹತ್ತನೇ ಇಯತ್ತೆ ಮುಗಿಸುತ್ತಾನೆ. ಕಾಗವಾಡದ ಹುಡುಗಿ ಮಿರಜಿನ ಸಾಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಬೋರಗಾಂವದ ಮಗ್ಗದವರ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಸಾಲಿಯಲ್ಲಿ ಒಂದು ಭಾಷೆ, ಓಣಿಯಲ್ಲಿ ಎರಡೂ ಮಾತಾಡುತ್ತಾರೆ. ಜೂನ್ ತಿಂಗಳಲ್ಲಿ ಇವರೆಲ್ಲ ನನ್ನ ಕಿಟಕಿಯ ಮುಂದೆ ಸಾಲು ಹಚ್ಚುತ್ತಿದ್ದರು. ಕೈಯಲ್ಲಿ ಮಹಾರಾಷ್ಟ್ರದ ಮಾರ್ಕಶೀಟು, ಬೇಕಾಗಿದ್ದದ್ದು ಕರ್ನಾಟಕದ ಪಿಯುಸಿ. ಅಲ್ಲಿಯ ಹತ್ತನ್ನು ಇಲ್ಲಿಯ ಹತ್ತಿಗೆ ಹೊಂದಿಸಿ, ಈ ವಿದ್ಯಾರ್ಥಿ ಪ್ರವೇಶಕ್ಕೆ ಅರ್ಹ ಎಂದು ಬರೆದು ಪ್ರಾಚಾರ್ಯರ ಸಹಿಗೆ ಇಡುವುದು ನನ್ನ ಕೆಲಸ.

ಕೆಲಸ ಕಲಿಸಿದವರು ನಮ್ಮ ಹೆಡ್ ಕ್ಲಾರ್ಕ್ ಕುಲಕರ್ಣಿ ರಾಯರು. ಅಥಣಿಯವರು, ಬಡಕಲು ಶರೀರ, ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಒಂದು ಉದ್ದನೆಯ ವಹಿ ಇಟ್ಟಿದ್ದರು. ಎಡಪುಟದಲ್ಲಿ ಮಹಾರಾಷ್ಟ್ರದ ವಿಷಯಗಳು, ಬಲಪುಟದಲ್ಲಿ ನಮ್ಮವು, ನಡುವೆ ಕೆಂಪು ಶಾಯಿಯ ಗೆರೆ. ಅದಕ್ಕೆ ತಾಳೆ ವಹಿ ಅನ್ನುತ್ತಿದ್ದರು. ಯಾರೇ ಬಂದರೂ ಮೂರು ಕಾಗದ ಕೇಳಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟರು. ದಾಖಲಾ ಅಂದರೆ ಸಾಲಿ ಬಿಟ್ಟ ಪ್ರಮಾಣಪತ್ರ, ಮಾರ್ಕಶೀಟು, ಮೈಗ್ರೇಶನ್. ಮೊದಲಿನ ಎರಡು ಎಲ್ಲರಿಗೂ ಗೊತ್ತು. ಮೈಗ್ರೇಶನ್ ಅಂದರೆ, ಪರೀಕ್ಷೆ ಮಾಡಿದ ಬೋರ್ಡು 'ಇವನನ್ನು ನಾವು ಬಿಟ್ಟುಕೊಟ್ಟಿದ್ದೇವೆ, ನೀವು ತಗೊಳ್ಳಬಹುದು' ಎಂದು ಬರೆದುಕೊಡುವ ಕಾಗದ. ಅದಿಲ್ಲದ ಅರ್ಜಿಯನ್ನು ರಾಯರು ತಲೆ ಎತ್ತಿಯೂ ನೋಡುತ್ತಿರಲಿಲ್ಲ. "ಮೈಗ್ರೇಶನ್ ತಗೊಂಡ ಬಾ" ಅನ್ನುತ್ತಿದ್ದರು, ಬರೆಯುವುದನ್ನು ನಿಲ್ಲಿಸದೆ. ನಾನೂ ಅದನ್ನೇ ಕಲಿತೆ. ಅವರಿಗಿಂತ ಒಂದು ಕೈ ಹೆಚ್ಚೇ ಕಲಿತೆ.

ಸೇರಿದ ಎರಡನೇ ವರ್ಷವೇ ಒಂದು ಎಡವಟ್ಟು ಮಾಡಿದೆ. ವಿಜ್ಞಾನ ವಿಭಾಗದ ಆಯ್ಕೆ ಪಟ್ಟಿಯನ್ನು ಒಟ್ಟು ಅಂಕದ ಪ್ರಕಾರ ಹಚ್ಚಿ ಗೋಡೆಗೆ ಅಂಟಿಸಿಬಿಟ್ಟೆ. ಆಗ ಮಹಾರಾಷ್ಟ್ರದವರದು ಏಳುನೂರಕ್ಕೆ, ನಮ್ಮದು ಆರುನೂರಕ್ಕೆ. ಗಡಿಯಾಚೆಯವರೆಲ್ಲ ಮೇಲೆ, ನಮ್ಮ ಸಾಲಿಯ ಮಕ್ಕಳೆಲ್ಲ ಕೆಳಗೆ. ರಾಯಬಾಗದ ಒಬ್ಬ ತಾಯಿ ಬಂದು ಗೋಡೆ ನೋಡಿ, "ಬಾಯಾರ, ನನ್ನ ಮಗಳು ತಾಲೂಕಿಗೆ ಮೊದಲನೇದಾಕಿರಿ, ಇಲ್ಲಿ ಮೂವತ್ತನೇದಾಕಿ ಹೆಂಗ ಆದ್ಳು?" ಎಂದು ಕೇಳಿದಾಗ ನನ್ನ ತಲೆಗೆ ಹೊಳೆಯಿತು. ರಾಯರು ಬೈಯಲಿಲ್ಲ. ಪಟ್ಟಿ ಹರಿದು ತಂದು ಟೇಬಲ್ಲಿನ ಮೇಲಿಟ್ಟು, "ಮತ್ತ ಬರೀರಿ, ಶೇಕಡಾ ತಗದು ಬರೀರಿ" ಎಂದರು. ಎರಡು ದಿನ ಕೂತು ಬರೆದೆ. ಅಂದಿನಿಂದ ಸಂಖ್ಯೆ ಕಂಡರೆ ಎಷ್ಟಕ್ಕೆ ಎಷ್ಟು ಎಂದು ಕೇಳುವ ರೂಢಿಯಾಯಿತು. ಇನ್ನು ನನ್ನ ಕೈಯಿಂದ ತಪ್ಪಾಗಲಿಕ್ಕಿಲ್ಲ ಎಂದೂ ಅಂದುಕೊಂಡೆ.

ಇನ್ನೊಂದು ಸಂಗತಿ ಈಗಲೇ ಹೇಳಿಬಿಡಬೇಕು. ನಾನು ಕಲಿತಾಗ ನಮ್ಮ ಭಾಗದಲ್ಲಿ ಮ್ಯಾಟ್ರಿಕ್ ಅಂದರೆ ಹನ್ನೊಂದನೇ ಇಯತ್ತೆ. ಆಮೇಲೆ ಅದು ಹತ್ತಕ್ಕೆ ಇಳಿಯಿತು. ಎಂಬತ್ತರ ದಶಕದಲ್ಲೂ ಹಳೆಯ ಹನ್ನೊಂದರ ಕಾಗದ ಹಿಡಿದು ಯಾರಾದರೂ ಬರುತ್ತಿದ್ದರು. ನಡುವೆ ಓದು ಬಿಟ್ಟವರು, ನೌಕರಿಯಲ್ಲಿದ್ದು ಮುಂದೆ ಓದಬೇಕು ಅನ್ನುವವರು. ರಾಯರ ವಹಿಯ ಕೊನೆಯ ಪುಟದಲ್ಲಿ ಒಂದೇ ಸಾಲು ಇತ್ತು: ಹಳೆಯ ಹನ್ನೊಂದು, ಈಗಿನ ಹತ್ತು. ನಮ್ಮ ಕಚೇರಿಯಲ್ಲಿ ಅದು ಎಲ್ಲರಿಗೂ ಬಾಯಿಪಾಠ. ವರ್ಷ ಎಣಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಸಾಲಿಯ ಕೊನೆಯ ಪರೀಕ್ಷೆ ಯಾವುದೋ ಅದೇ ಹತ್ತು.

ರಾಯರು ನಿವೃತ್ತರಾಗಿ ಅಥಣಿಗೆ ಹೋದ ಮೇಲೆ, ಎಂಬತ್ತಾರರ ಜೂನಿನಲ್ಲಿ, ಶಿವಗೌಡ ಮಾಸ್ತರು ಮಗಳನ್ನು ಕರೆದುಕೊಂಡು ಬಂದರು. ಮಾಸ್ತರು ರಾಯಬಾಗ ತಾಲೂಕಿನ ದಿಗ್ಗೇವಾಡಿಯವರು. ಗಣಿತ ಕಲಿಸುವವರು. ಆಗ ನೈಜೀರಿಯಾ ಸರಕಾರ ನಮ್ಮ ದೇಶದಿಂದ ಮಾಸ್ತರುಗಳನ್ನು ಕರೆಸಿಕೊಳ್ಳುತ್ತಿತ್ತು. ಇವರೂ ಹೆಂಡತಿ, ಮಗಳ ಸಮೇತ ಹೋಗಿ ಒಂಬತ್ತು ವರ್ಷ ಅಲ್ಲಿ ಕಲಿಸಿ, ಅಲ್ಲಿಯ ಪರಿಸ್ಥಿತಿ ಬಿಗಡಾಯಿಸಿದ ಮೇಲೆ ತಿರುಗಿ ಬಂದಿದ್ದರು. ಮಗಳ ಹೆಸರು ಭಾರತಿ. ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ ಎಂದು ನಾನು ಸ್ವಲ್ಪ ಸಜ್ಜಾಗಿಯೇ ಕೂತೆ. ಅವಳು ಕಿಟಕಿಯ ಹತ್ತಿರ ಬಂದು, "ಶರಣ್ರಿ ಬಾಯಾರ. ನನಗ ಸಾಯನ್ಸ ಬೇಕಾಗೇತ್ರಿ" ಎಂದಳು. ಆ ದೇಶದಲ್ಲಿ ಕನ್ನಡ ಮಾತಾಡಲು ತಾಯಿಯೊಬ್ಬಳೇ ಇದ್ದಳಂತೆ. ಹಾಗಾಗಿ ಅವಳ ಕನ್ನಡ ದಿಗ್ಗೇವಾಡಿಯ ಅಜ್ಜಿಯರ ಕನ್ನಡವಾಗಿಯೇ ಉಳಿದಿತ್ತು.

ಕಾಗದ ತೆಗೆದುಕೊಂಡು ನೋಡಿದೆ. ಪಶ್ಚಿಮ ಆಫ್ರಿಕಾದ ಒಂದು ಪರೀಕ್ಷಾ ಮಂಡಳಿಯದು. ದಪ್ಪ ಕಾಗದ, ಒಳ್ಳೆಯ ಅಚ್ಚು. ಗಣಿತದ ಮುಂದೆ ಎರಡು ಅಂತ ಇತ್ತು. ಭೌತಶಾಸ್ತ್ರ ಮೂರು, ರಸಾಯನ ಮೂರು, ಜೀವಶಾಸ್ತ್ರ ಎರಡು, ಇಂಗ್ಲಿಷ್ ನಾಲ್ಕು, ಭೂಗೋಳ ಐದು, ಹೌಸಾ ಆರು.

"ಹೌಸಾ ಅಂದ್ರೇನ್ರಿ?" ಎಂದು ಕೇಳಿದೆ.

"ಅಲ್ಲಿಯ ಮಂದಿ ಭಾಷಾರಿ" ಎಂದಳು ಭಾರತಿ.

"ಅದರಾಗನ ಹೆಚ್ಚು ತಗೊಂಡೀಯಲ್ಲ, ಉಳದದ್ದರಾಗ ಯಾಕ ಹಿಂಗ?" ಎಂದೆ. ಸಾಲಿನಲ್ಲಿ ನಿಂತ ನಾಲ್ಕು ಜನ ನಕ್ಕರು.

ಮಾಸ್ತರು ಸಾವಕಾಶ ಹೇಳಿದರು: "ಬಾಯಾರ, ಅಲ್ಲಿ ಒಂದು ಅಂದ್ರ ಎಲ್ಲಾರಕಿಂತ ಮ್ಯಾಲಿಂದು, ಒಂಬತ್ತು ಅಂದ್ರ ನಾಪಾಸು. ಹೌಸಾದಾಗನ ಆಕಿ ಹಿಂದ ಅದಾಳ."

ನಕ್ಕವರು ಈಗ ನನ್ನ ಕಡೆ ನೋಡಿದರು. ಮುಖ ಬಿಸಿಯಾಯಿತು. ಎಷ್ಟಕ್ಕೆ ಎಷ್ಟು ಎಂದು ಕೇಳುವ ರೂಢಿ ಅಂದು ಎಲ್ಲಿಗೆ ಹೋಗಿತ್ತೋ. ಈ ಅವಮಾನವನ್ನು ನಾನು ಬಾಯಲ್ಲಿ ತೋರಿಸಲಿಲ್ಲ, ಕೆಲಸದಲ್ಲಿ ತೋರಿಸಿದೆ. ಈಗ ಒಪ್ಪಿಕೊಳ್ಳುತ್ತೇನೆ.

"ಮೈಗ್ರೇಶನ್?" ಎಂದೆ.

"ಅಲ್ಲಿ ಅಂಥಾದ್ದು ಕೊಡಾಂಗಿಲ್ರಿ."

"ಮೈಗ್ರೇಶನ್ ಕೊಡದ ಬೋರ್ಡ್ ಎಲ್ಲ್ಯಾರ ಇರತೈತೇನ್ರಿ ಮಾಸ್ತರ? ಕೊಲ್ಲಾಪುರದವ್ರು ಕೊಡ್ತಾರ, ಪುಣೆಯವ್ರು ಕೊಡ್ತಾರ. ಬರದು ತರಸ್ರಿ."

ಮಾಸ್ತರು ವಾದ ಮಾಡಲಿಲ್ಲ. ವಿಳಾಸ ಬರೆದುಕೊಟ್ಟರು. ಕಾಲೇಜಿನ ಹೆಸರಿನಲ್ಲೇ ನಾನು ಪತ್ರ ಟೈಪು ಮಾಡಿ ವಿಮಾನ ಅಂಚೆಗೆ ಹಾಕಿಸಿದೆ. ಆಮೇಲೆ ಅವರು ಮಗಳನ್ನು ಹೊರಗೆ ಕಳಿಸಿ, ಕಿಟಕಿಗೆ ಬಗ್ಗಿ ಹೇಳಿದರು: "ಬಾಯಾರ, ಪರೀಕ್ಷಾ ಮುಗಿಸಿ ಒಂದ ವರ್ಷ ಆತ್ರಿ. ಇಲ್ಲಿಗೆ ಬರೂದು, ಸಾಮಾನ ಬರೂದು, ಅದರಾಗ ಹೋತು. ಊರಾಗ ನಮ್ಮ ಅಪ್ಪ, ಅಣ್ಣದೇರು ಎಲ್ಲಾರೂ ಹೆಣ್ಣಮಗಳಿಗೆ ಇಷ್ಟ ಸಾಲಿ ಸಾಕು ಅನ್ನಾಕತ್ತಾರ. ಈ ವರ್ಷ ಒಂದ ನನ್ನ ಮಾತು ನಡೀತೈತಿ. ಮತ್ತೊಂದು ವರ್ಷ ಮನಿಯಾಗ ಕುಂತ್ಲಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ನಾನು ಕಲ್ಲಲ್ಲ. ಪ್ರಾಚಾರ್ಯರ ಹತ್ತಿರ ಹೋಗಿ, ಕಾಗದ ಬರುವ ತನಕ ಈ ಹುಡುಗಿಯನ್ನು ತರಗತಿಯಲ್ಲಿ ಕೂಡಿಸೋಣ ಎಂದು ಕೇಳಿದೆ. ಪ್ರಾಚಾರ್ಯರು ಒಳ್ಳೆಯವರು, ಆದರೆ ಪುಕ್ಕಲು ಸ್ವಭಾವ. ನಾನು ಬೆರಳಿಟ್ಟಲ್ಲಿ ಸಹಿ ಮಾಡುವವರು. "ಕೂಡ್ಲಿ, ಆದ್ರ ಹಾಜರಿ ಪುಸ್ತಕದಾಗ ಹೆಸರ ಬ್ಯಾಡ" ಎಂದರು. ಭಾರತಿ ಮೊದಲ ವರ್ಷದ ಪಿಯುಸಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತಳು.

ತಿಂಗಳಾಯಿತು, ಎರಡಾಯಿತು. ಆಗಸ್ಟಿನ ಕೊನೆಗೆ ಪ್ರವೇಶದ ಕಡೆಯ ದಿನ ಬಂತು. ಆಫ್ರಿಕಾದಿಂದ ಉತ್ತರವಿಲ್ಲ. ಆ ದಿನ ಮಾಸ್ತರು ಬೆಳಿಗ್ಗೆಯಿಂದ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಸಂಜೆ ಐದಕ್ಕೆ ನಾನು ಪ್ರವೇಶದ ವಹಿಯ ಕೊನೆಯ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ. ಮಾಸ್ತರು ಅದನ್ನು ನೋಡಿದರು. "ಆಕಿ ಬರೂದು ಬರ್ಲೇನ್ರಿ?" ಎಂದಷ್ಟೇ ಕೇಳಿದರು. "ಬರ್ಲಿ" ಎಂದೆ. ನನಗೆ ಬೇಜಾರಾಗಿತ್ತು, ಆದರೆ ತಪ್ಪು ಮಾಡಿದೆ ಅನ್ನಿಸಿರಲಿಲ್ಲ. ಕಾಗದ ತರದವರದು ತಪ್ಪು, ಕೇಳಿದವರದಲ್ಲ ಎಂದೇ ನನ್ನ ತಿಳಿವಳಿಕೆ.

ಗಣಿತದ ಮುಲ್ಲಾ ಸರ್ ನಿಪ್ಪಾಣಿಯವರು. ದೀಪಾವಳಿ ಸೂಟಿ ಮುಗಿದ ಮೇಲೆ ಒಂದು ದಿನ ನನ್ನ ಟೇಬಲ್ಲಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಬಾಯಾರ, ನಾ ದಿನಾ ಹಾಜರಿ ಕೂಗ್ತೇನಿ. ಕೊನೀ ಹೆಸರ ಕೂಗಿ ಪುಸ್ತಕ ಮುಚ್ಚಿದಾಗ ಆ ಹುಡಿಗಿ ನನ್ನ ಮಾರೀನ ನೋಡತಿರ್ತಾಳ. ಮುಚ್ಚಾಕ ಕೈ ಬರವಲ್ದು."

"ನಾ ಏನ ಮಾಡ್ಲಿ ಸರ? ಮೈಗ್ರೇಶನ್ ಬಂದಿಲ್ಲ."

"ನಿಮ್ಮ ಮೈಗ್ರೇಶನ್ ಬಿಡ್ರಿ. ಆಕಿ ಏನ ಕಲ್ತಾಳ ಅಂತ ಯಾರರ ನೋಡೀರೇನು? ನಾ ಈಗ ಕಲಸಾಕತ್ತಿದ್ದರಾಗ ಅರ್ಧಾ ಆಕಿಗೆ ಮೊದ್ಲ ಬರತೈತಿ."

ನನ್ನ ಕೆಲಸವೇ ತಾಳೆ ನೋಡುವುದು. ಅದನ್ನು ಮಾಡಿಲ್ಲ ಎಂದು ಇನ್ನೊಬ್ಬರಿಂದ ಹೇಳಿಸಿಕೊಂಡದ್ದು ನಾಟಿತು. ಮಾಸ್ತರಿಗೆ ಹೇಳಿಕಳಿಸಿದೆ, ಅಲ್ಲಿಯ ಪ್ರಶ್ನೆಪತ್ರಿಕೆ ಏನಾದರೂ ಇವೆಯೇ ಎಂದು. ಅವರು ಒಂದು ಟ್ರಂಕನ್ನೇ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಒಂಬತ್ತು ವರ್ಷದ ಪತ್ರಿಕೆ, ಪಠ್ಯಪುಸ್ತಕ, ಪ್ರಯೋಗದ ವಹಿ. ಮುಲ್ಲಾ ಸರ್ ಭೌತಶಾಸ್ತ್ರ, ರಸಾಯನದವರನ್ನೂ ಕರೆದರು. ಸ್ಟಾಫ್ ರೂಮಿನ ಉದ್ದನೆಯ ಮೇಜಿನ ಮೇಲೆ ಎಡಕ್ಕೆ ಅಲ್ಲಿಯ ಪತ್ರಿಕೆ, ಬಲಕ್ಕೆ ನಮ್ಮ ಎಸ್ಸೆಸ್ಸೆಲ್ಸಿ ಪತ್ರಿಕೆ ಇಟ್ಟು ಕೂತೆವು. ಇಂಥ ತಾಳೆ ನಾನು ಅಲ್ಲಿಯವರೆಗೆ ಮಾಡಿರಲಿಲ್ಲ. ವಿಷಯದ ಹೆಸರಿಗೆ ವಿಷಯದ ಹೆಸರು ಹೊಂದಿಸಿ ಗೆರೆ ಎಳೆಯುವುದಷ್ಟೇ ಗೊತ್ತಿತ್ತು.

ನಮ್ಮ ಪತ್ರಿಕೆ ವ್ಯಾಖ್ಯೆ ಬರೆಯಿರಿ, ಪ್ರಮೇಯ ಬರೆದು ಸಾಧಿಸಿರಿ ಅನ್ನುತ್ತಿತ್ತು. ಅವರದು ಒಂದು ಚಿತ್ರ ಕೊಟ್ಟು, ಇದರಲ್ಲಿ ಏನು ನಡೆಯುತ್ತಿದೆ, ಯಾಕೆ ಅನ್ನುತ್ತಿತ್ತು. ಗಣಿತದಲ್ಲಿ ನಮ್ಮ ಮೊದಲ ಪಿಯುಸಿಯ ಪಾಠ ಎಷ್ಟೋ ಅವರಲ್ಲಿ ಆಗಲೇ ಬಂದಿದ್ದವು. ರಸಾಯನದಲ್ಲಿ ಉಪ್ಪು ಗುರುತಿಸುವ ಪ್ರಯೋಗವನ್ನು ಆ ಹುಡುಗಿ ಪರೀಕ್ಷೆಯಲ್ಲೇ ಮಾಡಿ ಬಂದಿದ್ದಳು, ನಮ್ಮವರು ಅದನ್ನು ಕಾಲೇಜಿಗೆ ಬಂದ ಮೇಲೆ ಮಾಡುವುದು. ಹಾಗೆಂದು ಎಲ್ಲದರಲ್ಲೂ ಅವರೇ ಮುಂದೆ ಇರಲಿಲ್ಲ. ಇತಿಹಾಸ ಅವಳು ಓದಿಯೇ ಇರಲಿಲ್ಲ. ಪ್ರಮೇಯ ಸಾಧಿಸು ಅಂದರೆ ತಡವರಿಸುತ್ತಿದ್ದಳು. ಇನ್ನೊಂದು ವ್ಯತ್ಯಾಸ ನನಗೆ ಬಹಳ ಹೊಸದು. ನಮ್ಮಲ್ಲಿ ಆರು ವಿಷಯದ ಪೈಕಿ ಒಂದರಲ್ಲಿ ಬಿದ್ದರೆ ಇಡೀ ಪರೀಕ್ಷೆಯೇ ಬಿದ್ದಂತೆ. ಅಲ್ಲಿ ಪಾಸಾದ ವಿಷಯ ಪಾಸಾದದ್ದೇ, ಬಿದ್ದದ್ದು ಮಾತ್ರ ಮತ್ತೆ ಬರೆಯಬೇಕು. ಮೂವರೂ ಉಪನ್ಯಾಸಕರು ತಮ್ಮ ತಮ್ಮ ವಿಷಯದ ಬಗ್ಗೆ ಒಂದೊಂದು ಪುಟ ಬರೆದು ಸಹಿ ಮಾಡಿಕೊಟ್ಟರು. ನಾನು ತಾಳೆ ವಹಿಯಲ್ಲಿ ಹೊಸ ಪುಟ ತೆಗೆದು, ಎಡಕ್ಕೆ ನೈಜೀರಿಯಾ, ಬಲಕ್ಕೆ ಕರ್ನಾಟಕ ಎಂದು ಬರೆದೆ. ಕನ್ನಡದ ಎದುರಿಗೆ ಹೌಸಾ ಇಟ್ಟೆ.

ಇಷ್ಟೆಲ್ಲ ಆದರೂ ಆ ಪುಟದ ತಲೆಬರಹದಲ್ಲಿ 'ಎಸ್ಸೆಸ್ಸೆಲ್ಸಿಗೆ ಸಮಾನ' ಎಂದೇ ಬರೆದಿದ್ದೆ. ಮುಂದಿನ ಜೂನಿನಲ್ಲಿ ಮೈಗ್ರೇಶನ್ ಬಂದರೆ ಮೊದಲ ಪಿಯುಸಿಗೆ ಸರಿಯಾಗಿ ಸೇರಿಸಿಕೊಂಡರಾಯಿತು ಎಂಬುದು ನನ್ನ ಲೆಕ್ಕ.

ಜನವರಿಯಲ್ಲಿ ಉತ್ತರ ಬಂತು. ಪ್ರಾಚಾರ್ಯರ ಕೋಣೆಯಲ್ಲಿ ಒಡೆದು ಓದಿದೆವು. ತಾವು ಕೇಳಿದಂಥ ಪ್ರಮಾಣಪತ್ರವನ್ನು ನಮ್ಮ ಮಂಡಳಿ ಯಾವತ್ತೂ ಕೊಟ್ಟಿಲ್ಲ, ಅದು ಏನೆಂದು ನಮಗೆ ಸ್ಪಷ್ಟವಾಗಲಿಲ್ಲ, ಅಭ್ಯರ್ಥಿ ಪಾಸಾಗಿರುವುದು ನಿಜ, ಅವರು ಎಲ್ಲಿ ಬೇಕಾದರೂ ಓದಬಹುದು ಎಂದಿತ್ತು. ವಿನಯದಿಂದ ಬರೆದಿದ್ದರು. ಮಾಸ್ತರು ಜೂನಿನಲ್ಲೇ ಇದನ್ನು ನನಗೆ ಹೇಳಿದ್ದರು. ನಾನು ಆ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ.

ಆ ರವಿವಾರ ಅಥಣಿಗೆ ಹೋದೆ. ಕುಲಕರ್ಣಿ ರಾಯರು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಎಲ್ಲ ಹೇಳಿದೆ. ಕೊನೆಗೆ ಕೇಳಿದೆ: "ರಾಯರ, ನಾವು ಮೈಗ್ರೇಶನ್ ಯಾಕ ಕೇಳ್ತಿದ್ವಿ?"

ಅವರು ಸುಲಿಯುವುದನ್ನು ನಿಲ್ಲಿಸಿದರು. "ನನ್ನ ಮ್ಯಾಲಿನ ಹೆಡ್ ಕ್ಲಾರ್ಕ ಕೇಳ್ತಿದ್ದ, ನಾ ಕೇಳ್ದೆ. ನಾ ಕೇಳಿದೆ ಅಂತ ನೀವು ಕೇಳಿದ್ರಿ" ಎಂದರು. ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿ, "ಒಬ್ಬಾವ ಎರಡ ಬೋರ್ಡಿನ್ಯಾಗ ಹೆಸರ ಇಟಗೊಂಡು ಎರಡೂ ಕಡೆ ಪರೀಕ್ಷಾಕ್ಕ ಕೂಡಬಾರ್ದು ಅಂತ ಇರಬೇಕವಾ" ಎಂದರು.

"ಆ ಹುಡುಗಿಗೆ ಇಲ್ಲಿ ಒಂದ ಕಡೆನೂ ಹೆಸರ ಇಲ್ಲಲ್ರಿ."

"ಹಂಗಾರ ಆಕೀನ ಯಾಕ ಕೇಳಿದ್ರಿ?" ಎಂದರು. ಬೈದದ್ದಲ್ಲ, ನಿಜವಾಗಿ ಕೇಳಿದರು. ಅವರು ಶೇಂಗಾದ ತಟ್ಟೆಯನ್ನು ನನ್ನ ಕಡೆ ಸರಿಸಿದರು. ತಿನ್ನುವುದಾಗಲಿಲ್ಲ.

ಮರುದಿನ ಮಾಸ್ತರನ್ನೂ ಭಾರತಿಯನ್ನೂ ಕರೆಸಿದೆ. ಉತ್ತರದ ಪತ್ರ ಕೊಟ್ಟೆ. "ತಪ್ಪು ನಂದ್ರಿ ಮಾಸ್ತರ. ನೀವು ಹೇಳಿದಾಗ ನಾ ಕೇಳಬೇಕಾಗಿತ್ತು" ಎಂದೆ. ಇಷ್ಟು ವರ್ಷದಲ್ಲಿ ಆ ಮಾತನ್ನು ಕಿಟಕಿಯ ಆಚೆಗಿನವರಿಗೆ ಹೇಳಿದ್ದು ಅದೇ ಮೊದಲು.

ಮಾಸ್ತರು ಪತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡರು. "ಬಾಯಾರ, ಮನಿಯಾಗ ಯಾರಿಗೂ ಹೇಳಿಲ್ರಿ" ಎಂದರು. "ಹೆಸರ ಹತ್ತೇತಿ, ಕಾಲೇಜಿಗೆ ಹೋಗಾಕತ್ತಾಳ ಅಂತ ತಿಳದಾರ. ದಿನಾ ಡಬ್ಬಿ ಕಟಗೊಂಡು ಬರತಾಳ. ಈಗ ಮತ್ತ ಮೊದಲನೇ ವರ್ಷಕ್ಕ ಹಚ್ಚಿದ್ರ, ಹೋದ ವರ್ಷ ಏನ ಮಾಡಿದ್ಳು ಅಂತ ಕೇಳ್ತಾರ. ಆವತ್ತಿಗೆ ಮುಗೀತು."

ಭಾರತಿ ತಂದೆಯ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ಅಷ್ಟು ತಿಂಗಳು ಅವಳು ಮನೆಯಲ್ಲಿ ಸುಳ್ಳನ್ನೂ ಕಾಲೇಜಿನಲ್ಲಿ ಆ ಬೆಂಚನ್ನೂ ಹೇಗೆ ನಿಭಾಯಿಸಿದಳೋ. ಏನಾದರೂ ಮಾಡಬೇಕು, ಏನು ಮಾಡಬೇಕು ಎಂದು ತಿಳಿಯಲಿಲ್ಲ. ಹೀಗೆ ತಿಳಿಯದಾಗ ಗುಮಾಸ್ತರು ಮಾಡುವುದನ್ನೇ ಮಾಡಿದೆ. ಒಂದು ಅಫಿಡವಿಟ್ಟು ಬರೆಯೋಣ ಎಂದೆ. ಈ ಹುಡುಗಿಯ ಹೆಸರು ಬೇರೆ ಯಾವ ಬೋರ್ಡಿನಲ್ಲೂ ಇಲ್ಲ ಎಂದು. ಅದಕ್ಕೆ ಅವಳು ಒಂದನೇ ಇಯತ್ತೆಯಿಂದ ಎಲ್ಲೆಲ್ಲಿ ಕಲಿತಳೋ ಎಲ್ಲ ಬೇಕು.

"ಹೇಳವ್ವಾ, ವರ್ಷಾನುವರ್ಷ ಹೇಳು."

"ಒಂದು, ಎರಡು ದಿಗ್ಗೇವಾಡ್ಯಾಗ್ರಿ. ಅಲ್ಲಿಗೆ ಹೋದ ಮ್ಯಾಲೆ ಮೂರನೇದಕ್ಕ ಕುಂಡ್ರಿಸಿದ್ರು. ಮೂರು, ನಾಕು, ಐದು, ಆರು. ಅಲ್ಲಿ ಪ್ರೈಮರಿ ಆರಕ್ಕ ಮುಗೀತೈತ್ರಿ. ಆಮ್ಯಾಲೆ ಫಾರ್ಮ್ ಒಂದು, ಎರಡು, ಮೂರು, ನಾಕು, ಐದು. ಐದರಾಗ ಈ ಪರೀಕ್ಷಾ."

ನಾನು ಒಂದರ ಕೆಳಗೊಂದು ಬರೆಯುತ್ತಾ ಹೋದೆ. ಆರು, ಮತ್ತು ಐದು. ಕೊನೆಯ ಸಾಲಿನ ಮುಂದೆ ಕ್ರಮಸಂಖ್ಯೆ ಹಾಕುವಾಗ ಪೆನ್ನು ನಿಂತಿತು. ಹನ್ನೊಂದು. ಮತ್ತೊಮ್ಮೆ ಬೆರಳಿಟ್ಟು ಎಣಿಸಿದೆ. ಹನ್ನೊಂದೇ.

ಈಗ ಓದುವವರಿಗೆ ಇದರಲ್ಲೇನು ದೊಡ್ಡದು ಅನ್ನಿಸಬಹುದು. ಮೂರು ವರ್ಷದ ಮಗುವೂ ಕೂಡಿಸುವ ಲೆಕ್ಕ. ಆದರೆ ನಾನು ಹನ್ನೊಂದು ಕಲಿತು ಮ್ಯಾಟ್ರಿಕ್ ಆದವಳು, ರಾಯರು ಹಾಗೇ, ಪ್ರಾಚಾರ್ಯರು ಹಾಗೇ, ಶಿವಗೌಡ ಮಾಸ್ತರೂ ಹಾಗೇ. ನಮ್ಮ ಪೈಕಿ ಯಾರಿಗೂ ಹನ್ನೊಂದು ವಿಶೇಷ ಅನ್ನಿಸುವಂತಿರಲಿಲ್ಲ. ಹನ್ನೊಂದು ಕಂಡರೆ ಕೈ ತಾನಾಗಿ ಹತ್ತು ಅಂತ ಬರೆಯುತ್ತಿತ್ತು. ನಮ್ಮ ಹತ್ತರ ಮೇಲೆ ಒಂದು ಸೇರಿದರೆ ಮೊದಲ ಪಿಯುಸಿ. ಆ ಹುಡುಗಿಗೆ ಬೇಕಾಗಿದ್ದದ್ದು ಎರಡನೇ ಪಿಯುಸಿಯ ಸೀಟು. ಅದನ್ನು ಸಾಧಿಸುವ ಮೂವರ ಸಹಿಯ ಕಾಗದ ಎರಡು ತಿಂಗಳಿಂದ ನನ್ನ ಡ್ರಾದಲ್ಲೇ ಇತ್ತು.

"ಮಾಸ್ತರ, ಮೊದಲನೇ ವರ್ಷ ಬ್ಯಾಡ್ರಿ" ಎಂದೆ. "ನಾ ಜೂನಿಗೆ ಎರಡನೇ ವರ್ಷಕ್ಕ ಹಚ್ಚತೇನಿ. ಬೆಂಗಳೂರಿಗೆ ನಾನ ಹೊಕ್ಕೇನಿ."

ಮೊದಲ ವರ್ಷದ ಪರೀಕ್ಷೆ ಆಗ ಕಾಲೇಜಿನವರೇ ನಡೆಸುವುದಾಗಿತ್ತು. ಮುಲ್ಲಾ ಸರ್ ಭಾರತಿಯನ್ನು ಮೂಲೆಯ ಬೆಂಚಿಗೆ ಕೂಡಿಸಿ ಅದೇ ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದರು. ಎಲ್ಲೂ ದಾಖಲಾಗದ ಉತ್ತರಪತ್ರಿಕೆ. ಅವಳು ಚೆನ್ನಾಗಿ ಮಾಡಿದ್ದಳು. ಅದನ್ನು ಬೆಂಗಳೂರಿಗೆ ಒಯ್ಯಲು ಪ್ರಾಚಾರ್ಯರು ಒಪ್ಪಲಿಲ್ಲ, ನಾವೇ ನಿಯಮ ಮುರಿದದ್ದಕ್ಕೆ ಪುರಾವೆ ಕೊಟ್ಟಂತಾಗುತ್ತದೆ ಎಂದರು. ಅವರು ಹೇಳಿದ್ದು ಸರಿಯೇ. ಆದರೆ ಅರ್ಹತೆಯ ಪತ್ರಕ್ಕೆ ಸಹಿ ಮಾಡುವಾಗ ಆ ಪುಕ್ಕಲು ಮನುಷ್ಯ ಒಂದು ಸಲವೂ ಹಿಂದೆಮುಂದೆ ನೋಡಲಿಲ್ಲ. "ನೀವು ನೋಡೀರಿ ಅಂದ್ರ ಮುಗೀತು" ಎಂದರು. ಆ ಮಾತು ಕೇಳಿ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಏಪ್ರಿಲಿನಲ್ಲಿ ಬೆಂಗಳೂರಿಗೆ ಹೋದೆ. ಸಮಾನತೆ ನೋಡುವ ಅಧಿಕಾರಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಪ್ರಶ್ನೆಪತ್ರಿಕೆಗಳನ್ನು, ಉಪನ್ಯಾಸಕರ ಪುಟಗಳನ್ನು ಟೇಬಲ್ಲಿನ ಮೇಲೆ ಹರಡಿದೆ. ಆ ಮನುಷ್ಯ ತಾಳ್ಮೆಯಿಂದ ಎಲ್ಲ ಓದಿದರು. ಒಂದು ಕಡೆ ನಕ್ಕರು. "ಕನ್ನಡದ ಎದುರು ಹೌಸಾ ಹಾಕಿದ್ದೀರಿ."

"ಅದು ಅಲ್ಲಿಯ ಮಂದಿ ಭಾಷಾರಿ" ಎಂದೆ.

"ಇಷ್ಟು ವಿವರವಾಗಿ ಯಾರೂ ತರುವುದಿಲ್ಲ ಮೇಡಂ. ಹೆಚ್ಚಿನವರು ಬರೀ ಸರ್ಟಿಫಿಕೇಟಿನ ಹೆಸರು ನೋಡಿ ಹತ್ತು ಅಂತ ಬರೆದುಬಿಡುತ್ತಾರೆ" ಎಂದರು.

ನಾನು ಹರಡಿದ ಕಾಗದಗಳನ್ನು ಒಟ್ಟುಮಾಡಿ ಅವರ ಮುಂದಿಟ್ಟೆ. ಮೇ ತಿಂಗಳಲ್ಲಿ ಆದೇಶ ಬಂತು. ಹನ್ನೊಂದು ವರ್ಷದ ಶಿಕ್ಷಣ ಮತ್ತು ಪಠ್ಯವಿಷಯಗಳನ್ನು ಪರಿಶೀಲಿಸಿ, ಸದರಿ ವಿದ್ಯಾರ್ಥಿನಿಯನ್ನು ದ್ವಿತೀಯ ವರ್ಷಕ್ಕೆ ಸೇರಿಸಿಕೊಳ್ಳಬಹುದು. ಮೈಗ್ರೇಶನ್ ವಿಚಾರ ಅದರಲ್ಲಿ ಎಲ್ಲೂ ಇರಲಿಲ್ಲ.

ಮುಂದೆ ಕಾಲ ಬದಲಾಯಿತು. ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಮುದ್ರಿತ ಪಟ್ಟಿ ಬಂತು, ಯಾವ ದೇಶದ ಯಾವ ಪರೀಕ್ಷೆ ನಮ್ಮಲ್ಲಿ ಯಾವುದಕ್ಕೆ ಸಮ ಎಂದು. ಆಮೇಲೆ ಕಂಪ್ಯೂಟರು ಬಂತು. ಒಳ್ಳೆಯದೇ ಆಯಿತು, ನನ್ನಂಥವರ ಹಟಕ್ಕೆ ಮಕ್ಕಳು ಸಿಗುವುದು ಕಡಿಮೆಯಾಯಿತು. ಆದರೆ ಪಟ್ಟಿ ಮಾಡಿದವರೂ ಯಾರೋ ಒಬ್ಬರು ಕುರ್ಚಿಯ ಮೇಲೆ ಕೂತು ಮಾಡಿದ್ದು. ನಿನ್ನ ಮುಂದೆ ಬಂದ ಕಾಗದವನ್ನು ಪಟ್ಟಿಗೆ ಹೊಂದಿಸುವ ಮೊದಲು ಆ ಕಾಗದ ಹಿಡಿದುಕೊಂಡು ಬಂದ ಮಗುವನ್ನು ಕೂಡಿಸಿಕೊಂಡು ಕೇಳು. ಎಷ್ಟು ವರ್ಷ ಕಲಿತಿ, ಏನೇನು ಕಲಿತಿ. ಯಾವ ಕಾಗದ ಕೇಳುತ್ತಿದ್ದೀಯೋ ಅದನ್ನು ಯಾಕೆ ಕೇಳುತ್ತಿದ್ದೀ ಎಂದು ನಿನಗೆ ಹೇಳಲು ಬರದಿದ್ದರೆ, ಕೇಳಬೇಡ. ಇಷ್ಟೇ ನಾನು ಆ ಹುಡುಗಿಗೆ ಚಹಾ ಕುಡಿಯುವಾಗ ಹೇಳಬೇಕಾಗಿದ್ದದ್ದು.

ಎಂಬತ್ತೇಳರ ಜೂನಿನಲ್ಲಿ ಭಾರತಿ ಪ್ರವೇಶಕ್ಕೆ ಒಬ್ಬಳೇ ಬಂದಳು. ಸಾಲಿನಲ್ಲಿ ನಿಂತು ತನ್ನ ಪಾಳಿ ಬರುವವರೆಗೆ ಕಾದಳು. ಎರಡನೇ ವರ್ಷದ ವಹಿಯಲ್ಲಿ ಅವಳ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಬೆಂಗಳೂರಿನ ಆದೇಶವನ್ನು ಓದಿಕೊಳ್ಳಲು ಕೊಟ್ಟೆ, ಅದು ಅವಳದೇ ಕಾಗದ ಅಲ್ಲವೇ. ಅವಳು ನಿಧಾನವಾಗಿ ಓದಿದಳು. ಓದಿ ಸಹಿ ಮಾಡಲು ಪೆನ್ನು ತೆಗೆದುಕೊಂಡವಳು ತಡೆದಳು.

"ಬಾಯಾರ, ಇದರಾಗ ಇರೂವೆಲ್ಲಾ ನನ್ನ ಹಳೇ ಕಾಗದರಿ. ಹೋದ ಜೂನಿನ್ಯಾಗ ನಾ ಇಲ್ಲಿಗೆ ಬಂದಾಗೂ ಇವ ಇದ್ದುವು."

"ಹೌದು" ಎಂದೆ.

"ಅಂದ್ರ ಆಗನ ಎಣಿಸಿದ್ರ, ನನ್ನ ಆಗನ ಎರಡನೇ ವರ್ಷಕ್ಕ ಹಚಗೋಳಾಕ ಬರತಿತ್ತೇನ್ರಿ? ಈಗ ನಾ ಎಲ್ಲಾ ಮುಗಿಸಿರತಿದ್ನೇನ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಣಿತದ ಮಾಸ್ತರ ಮಗಳು, ಉತ್ತರ ಸರಿ ಬಂತೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದಳು. ಅವಳ ಹಿಂದೆ ಸಾಲು ಬಾಗಿಲಿನ ತನಕ ಇತ್ತು.

"ಬರತಿತ್ತವ್ವಾ" ಎಂದೆ. "ಮುಗಿಸಿರತಿದ್ದಿ."

ಅವಳು ಹೂಂ ಅಂದಳು. ಸಹಿ ಮಾಡಿ, ಪೆನ್ನಿನ ಟೊಪ್ಪಿಗೆ ಹಾಕಿ ನನ್ನ ಮುಂದಿಟ್ಟಳು. "ಎರಡನೇ ವರ್ಷದ್ದು ಯಾವ ಖೋಲಿರಿ?" ಎಂದು ಕೇಳಿದಳು. ಮೇಲಿನ ಮಹಡಿ, ಎಡಕ್ಕೆ ಮೂರನೆಯದು ಎಂದೆ. ಹೋದಳು.

ಸಾಲಿನಲ್ಲಿ ಮುಂದಿನವಳು ಕಾಗವಾಡದವಳು. ಮಾರ್ಕಶೀಟು, ದಾಖಲಾ, ಮೈಗ್ರೇಶನ್ ಮೂರನ್ನೂ ಒಟ್ಟಿಗೆ ಹಿಡಿದು ಕಿಟಕಿಯೊಳಗೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. "ಮೊದಲ ಹೇಳವ್ವಾ, ಒಂದನೇತ್ತೆಯಿಂದ ಹಿಡದು ಎಷ್ಟ ವರ್ಷ ಸಾಲಿ ಕಲ್ತಿ?" ಎಂದು ಕೇಳಿದೆ. ಅವಳು ಹಿಂದೆ ತಿರುಗಿ ಗೆಳತಿಯ ಮುಖ ನೋಡಿ, ಬೆರಳು ಮಡಚಿ ಎಣಿಸತೊಡಗಿದಳು.